ಲಕ್ಕಿ ಎಣ್ಣೆಯ ಹದ

ಹಾನಗಲ್ಲ, ಹಿರೇಕೆರೂರ ಕಡೆ ಹಳ್ಳದ ದಂಡೆಗೆ, ಹೊಲದ ಬೇಲಿಗೆ ಲಕ್ಕಿ ತಾನಾಗಿಯೇ ಬೆಳೆಯುತ್ತದೆ. ಮೈಕೈ ನೋವಿಗೆ ಅದರ ಸೊಪ್ಪು ಹಾಕಿ ಮನೆಯಲ್ಲೇ ಕಾಸುವ ಎಣ್ಣೆ ನನಗೆ ಬಲು ಅಚ್ಚುಮೆಚ್ಚು. ಆಯುರ್ವೇದದ ನಿರ್ಗುಂಡಿ ತೈಲವೂ ಈ ಗಿಡದ್ದೇ.

ಅರೆದ ಸೊಪ್ಪು 1 ಪಾಲು, ಎಳ್ಳೆಣ್ಣೆ 4, ನೀರು 16. ಶಾಸ್ತ್ರದ ಲೆಕ್ಕ ಇಷ್ಟೇ, ಕಸುಬೆಲ್ಲ ಉರಿಯಲ್ಲಿದೆ. ಸಣ್ಣ ಉರಿಯಲ್ಲಿ ನೀರು ಪೂರ್ತಿ ಆರಬೇಕು, ಸೊಪ್ಪು ಕರಕಲಾಗಬಾರದು. ತಳದ ಚರಟವನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಬಂತೋ, ನೀರಿನಂಶ ಉಳಿದಿದೆ ಎಂದರ್ಥ, ಇನ್ನಷ್ಟು ಕಾಯಿಸಬೇಕು. ಎಂಥ ಕರಾರುವಾಕ್ಕಾದ ಪರೀಕ್ಷೆ!

ಇಂಥ ನೋವಿಗೆ ಹೊರದೇಶಗಳಲ್ಲಿ ಈಗ ಗಾಂಜಾ ಮುಲಾಮಿನ ಮಾತು ಜೋರಾಗಿದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಆ ಗಿಡ ಬೆಳೆಸುವುದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. ಲಕ್ಕಿಗೆ ಆ ತಂಟೆಯಿಲ್ಲ. ಸೋಸಿದ ಬಿಸಿ ಎಣ್ಣೆಗೆ ಒಂದಿಷ್ಟು ಜೇನುಮೇಣ ಕರಗಿಸಿದರೆ ಅದೇ ಮುಲಾಮು.