ಚಿಕ್ಕವ್ವನ ಸೆಂಟು

ಪರ್ಫ್ಯೂಮ್ ಅಂಗಡಿಗೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: “ಮೇಡಂ, ಇದು ನಿಮ್ಮ ಪರ್ಸನಾಲಿಟಿಗೆ ಸೂಟ್ ಆಗುತ್ತೆ.” ಒಳಗೆ ಕಾಲಿಟ್ಟು ಎರಡು ನಿಮಿಷ ಆಗಿರಲ್ಲ, ನನ್ನ ಹೆಸರೂ ಗೊತ್ತಿಲ್ಲದ ಹುಡುಗ ನನ್ನ ವ್ಯಕ್ತಿತ್ವ ಅಳೆದು, ಕಾಗದದ ಪಟ್ಟಿಗೆ ಸಿಂಪಡಿಸಿ, ಕೈಗೆ ಕೊಟ್ಟಿರ್ತಾನೆ. ಹೂವಿನ ಪರಿಮಳ ಇಷ್ಟಪಡುವವಳು ಮೃದು ಸ್ವಭಾವದವಳಂತೆ. ನಿಂಬೆ, ಕಿತ್ತಳೆ ಆರಿಸಿದವಳು ಚೂಟಿಯಂತೆ. ಗಂಧ, ಕಸ್ತೂರಿ ಹಾಕುವವಳು ನಿಗೂಢ ಹೆಣ್ಣಂತೆ. ಹಾಗಾದ್ರೆ ಮೈಸೂರು ಸ್ಯಾಂಡಲ್ ಸೋಪಿನಲ್ಲಿ ಮಿಂದು ಬೆಳೆದ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಹೆಂಗಸರೆಲ್ಲ ನಿಗೂಢರಾ? ನಮ್ಮವ್ವನನ್ನು ಕಂಡವರು ಯಾರೂ ಹಾಗನ್ನಲ್ಲ. ಅವಳ ಮನಸ್ಸಲ್ಲಿರೋದು ಮೂರು ಮನೆ ಆಚೆಗೂ ಕೇಳ್ಸುತ್ತೆ.

ಈ ಸಲ ಕೈಗೆತ್ತಿಕೊಂಡಿದ್ದು ಡಿಯೋರ್ ಕಂಪನಿಯ ಜಾದೋರ್. 1999ರಲ್ಲಿ ಮಾರುಕಟ್ಟೆಗೆ ಬಂದದ್ದು, ಕ್ಯಾಲಿಸ್ ಬೆಕರ್ ಎಂಬಾಕೆ ರೂಪಿಸಿದ್ದು. ಹೆಸರಿಗೆ ಫ್ರೆಂಚಿನಲ್ಲಿ ‘ನಂಗೆ ತುಂಬಾ ಇಷ್ಟ’ ಅಂತ ಅರ್ಥ. ಬಾಟಲಿ ನೀರಿನ ಹನಿಯ ಆಕಾರದ್ದು, ಉದ್ದ ಕತ್ತಿಗೆ ಬಂಗಾರದ ಸುತ್ತು. ಮೂರು ವರ್ಷ ಆಸೆಪಟ್ಟು, ಕೊನೆಗೆ ಬೋನಸ್ ಬಂದ ತಿಂಗಳು ಕೊಂಡೆ.

ಮೊದಲು ಪರಿಮಳದ ಮಾತು. ಸಿಂಪಡಿಸಿದ ತಕ್ಷಣ ಬರೋದು ರಸಭರಿತ ಹಣ್ಣು. ಪೇರ್, ಪೀಚ್ ಥರದ್ದು. ಅದು ಹತ್ತು ಹದಿನೈದು ನಿಮಿಷದ ಅತಿಥಿ. ಆಮೇಲೆ ಗುಲಾಬಿ, ಮಲ್ಲಿಗೆ ಎಲ್ಲ ಒಟ್ಟಿಗೆ ಏಳುತ್ತವೆ. ಯಾವ ಹೂವೂ ಇನ್ನೊಂದನ್ನು ತಳ್ಳಲ್ಲ. ಇಷ್ಟು ಹದವಾಗಿ ಕೂಡಿಸೋದು ಸುಲಭವಲ್ಲ, ಅದನ್ನು ಒಪ್ಪಲೇಬೇಕು. ಸಂಜೆ ಹೊತ್ತಿಗೆ ಉಳಿಯೋದು ಕಸ್ತೂರಿ ಮತ್ತು ಸ್ವಲ್ಪ ವೆನಿಲಾ.

ನನ್ನ ತಕರಾರು ಮಲ್ಲಿಗೆಯ ಬಗ್ಗೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಅನ್ನೋ ಅಂಶ ಇರುತ್ತೆ. ಜಾಸ್ತಿಯಾದ್ರೆ ಅದು ನುಸಿಗುಳಿಗೆ ಥರ, ಇನ್ನೂ ಜಾಸ್ತಿಯಾದ್ರೆ ಮಲದ ಥರ ನಾರುತ್ತೆ. ಆದರೆ ಆ ಒಂದಿಷ್ಟು ಕೊಳಕು ಇದ್ದರೇನೇ ಹೂವಿಗೆ ಜೀವ. ಮುಡಿದು ಮಲಗಿದವಳ ದಿಂಬಿನ ಮೇಲೆ ಬೆಳಗ್ಗೆ ಬಾಡಿ ಬಿದ್ದಿರುತ್ತಲ್ಲ, ಆ ಮಲ್ಲಿಗೆಯ ವಾಸನೆ ನೆನಪು ಮಾಡ್ಕೊಳ್ಳಿ. ಜಾದೋರಿನ ಮಲ್ಲಿಗೆ ಬಾಡಲ್ಲ. ತೊಳೆದು ಇಸ್ತ್ರಿ ಮಾಡಿಟ್ಟ ಹಾಗಿದೆ.

ಇನ್ನು ಜಾಹೀರಾತು. 2011ರಲ್ಲಿ ಬಂದದ್ದರಲ್ಲಿ ನಟಿ ಚಾರ್ಲಿಜ್ ಥೆರಾನ್ ವರ್ಸೈ ಅರಮನೆಯಲ್ಲಿ ಬಂಗಾರದ ಬಣ್ಣದ ಉಡುಪು ತೊಟ್ಟು ನಡೆದು ಬರ್ತಿದ್ದಳು. ಜಾದೋರ್ ಹಾಕುವವಳು ಆತ್ಮವಿಶ್ವಾಸದವಳು, ಯಾರ ಹಂಗೂ ಇಲ್ಲದವಳು ಅಂತ ನಾವು ತಿಳೀಬೇಕು. ಇದೇನು ಹೊಸ ಉಪಾಯ ಅಲ್ಲ. 1973ರಲ್ಲೇ ಅಮೆರಿಕದ ರೆವ್ಲಾನ್ ಕಂಪನಿ ಚಾರ್ಲಿ ಅನ್ನೋ ಸೆಂಟನ್ನು ಪ್ಯಾಂಟು ತೊಟ್ಟು ಬೀಸುಗಾಲು ಹಾಕುವ ಹುಡುಗಿಯ ಚಿತ್ರದ ಜೊತೆ ಮಾರಿತ್ತು. ಗಂಡಸು ತಂದುಕೊಡಲಿ ಅಂತ ಕಾಯದೆ ತನ್ನ ಸಂಬಳದಲ್ಲಿ ತಾನೇ ಕೊಳ್ಳುವ ಹೆಣ್ಣು ಅವರ ಗಿರಾಕಿ. ಅಂದರೆ, ನಾನೇ.

ಇದನ್ನೆಲ್ಲ ಲೇವಡಿ ಮಾಡಿ ಮುಗಿಸೋಣ ಅಂತಲೇ ಬರೆಯೋಕೆ ಕೂತಿದ್ದೆ. ಅಷ್ಟರಲ್ಲಿ ಪಾಂಡವಪುರದಲ್ಲಿ ಒಂದು ಮದುವೆ ಬಂತು.

ಮೈಸೂರಿನಲ್ಲಿ ಸ್ವಲ್ಪ ಕೆಲಸ ಇತ್ತು, ಮುಗಿಸಿಕೊಂಡು ಆ ಕಡೆಯಿಂದಲೇ ಹೊರಟೆ. ಶ್ರೀರಂಗಪಟ್ಟಣದಲ್ಲಿ ಹೂವಿಗೆ ಅಂತ ಇಳಿದೆ. ಮೈಸೂರು ಮಲ್ಲಿಗೆ ಅಂತ ಹೆಸರು ಮೈಸೂರಿಗೆ ಹೋದರೂ ಶ್ರೀರಂಗಪಟ್ಟಣದ ಸುತ್ತಲೂ ಅದನ್ನು ಬೆಳೀತಾರೆ. ಅವ್ವನಿಗೆ, ಅಕ್ಕನಿಗೆ, ಇಬ್ಬರು ಅತ್ತಿಗೆಯರಿಗೆ, ನನಗೆ ಅಂತ ಬೆರಳು ಮಡಚಿ ಐದು ಮಾರು ತಗೊಂಡೆ. ಪಾಂಡವಪುರಕ್ಕೆ ಬಂದು ಹೂವು ಹಂಚುವಾಗ ನೋಡ್ತೀನಿ, ಚಿಕ್ಕವ್ವನನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮರೆತಿದ್ದಲ್ಲ. ನಾಗಮಂಗಲದ ಚಿಕ್ಕಪ್ಪ ಹೋಗಿ ಒಂಬತ್ತು ವರ್ಷ ಆಯ್ತು, ಅವಳಿಗೆ ಹೂವಿಲ್ಲ ಅನ್ನೋದು ನನ್ನ ಬೆರಳಿಗೇ ಗೊತ್ತಿತ್ತು. ಆಫೀಸಿನಲ್ಲಿ ಸಮಾನತೆ ಬಗ್ಗೆ ಸ್ಲೈಡ್ ಮಾಡಿ ತೋರಿಸೋ ಬೆರಳುಗಳು ಇವು.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸೋಕೆ, ಹೂವು ಕುಂಕುಮ ಕೊಡೋಕೆ ಹುಡುಗಿಯರು ನಿಂತಿದ್ದರು. ಚಿಕ್ಕವ್ವ ಬಂದಾಗ ಪನ್ನೀರಿನ ಹನಿ ಅವಳ ಮೇಲೂ ಬಿತ್ತು. ಹೂವಿನ ತಟ್ಟೆ ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರೀತು. ಆ ಹುಡುಗಿಗೆ ಹದಿನಾರೂ ಇರಲಿಕ್ಕಿಲ್ಲ. ಚಿಕ್ಕವ್ವ ತಟ್ಟೆಯ ಕಡೆ ನೋಡಲೂ ಇಲ್ಲ.

ಆಮೇಲೆ ರೂಮಿನಲ್ಲಿ ಸೀರೆ ನೆರಿಗೆ ಸರಿ ಮಾಡ್ತಾ ನನ್ನ ಕೈ ಹಿಡಿದು ಮೂಸಿದಳು.

“ಎಂಥದವ್ವ ಇದು, ಇಂಗ್ ಗಮ್ ಅಂತದೆ?”

“ಸೆಂಟು ಚಿಕ್ಕವ್ವ.”

“ನಂಗೂ ಒಸಿ ಹೊಡಿ ಮತ್ತೆ.”

ನಾನು ಒಂದು ಕ್ಷಣ ತಡೆದೆ. ಅದನ್ನೂ ಅವಳು ಗಮನಿಸಿದಳು.

“ಹೂವಾದ್ರೆ ಕಾಣ್ತದೆ ಕಣವ್ವ. ಇದ್ಯಾರ್ ಕಣ್ಗೆ ಕಾಣ್ತದೆ, ಬುಡು.”

ಎರಡು ಸಲ ಹೊಡೆದೆ, ಕತ್ತಿಗೆ ಒಂದು, ಸೆರಗಿಗೆ ಒಂದು. ಊಟದ ಪಂಕ್ತಿಯಲ್ಲಿ ಹಿಂದಿನವರು ಯಾರೋ “ಏನ್ ಗಮ್ ಅಂತಾರಪ್ಪ” ಅಂದಾಗ ಎಲ್ಲರೂ ತಿರುಗಿ ನೋಡಿದ್ದು ಹೂ ಮುಡಿದ ನಮ್ಮನ್ನ. ಚಿಕ್ಕವ್ವ ಪಾಯಸಕ್ಕೆ ಕೈ ಹಾಕಿ ಸುಮ್ಮನೆ ಕೂತಿದ್ದಳು.

ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಕೊರೀತಾ ಇದೆ. ಪರಿಮಳ ಹೆಣ್ಣಿನ ವ್ಯಕ್ತಿತ್ವ ಹೇಳುತ್ತೆ ಅಂತಾರೆ ಕಂಪನಿಯವರು. ನಮ್ಮ ಕಡೆ ಪರಿಮಳ ಯಾವತ್ತೂ ಹೆಣ್ಣಿನ ಸ್ಥಾನ ಹೇಳಿಕೊಂಡು ಬಂದಿದೆ: ಕನ್ಯೆಯಾ, ಮುತ್ತೈದೆಯಾ, ಗಂಡ ಇಲ್ಲದವಳಾ ಅಂತ. ನಮ್ಮ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟಿಸಿದ ದಾಂಪತ್ಯ ಪ್ರೀತಿಯ ಕವನಗಳ ಪುಸ್ತಕಕ್ಕೆ ‘ಮೈಸೂರು ಮಲ್ಲಿಗೆ’ ಅನ್ನೋದಕ್ಕಿಂತ ಒಪ್ಪುವ ಹೆಸರು ಬೇರೆ ಇರಲಿಲ್ಲ. 1992ರಲ್ಲಿ ನಾಗಾಭರಣ ಅದೇ ಕವನಗಳಿಂದ ಸಿನಿಮಾ ಮಾಡಿದಾಗಲೂ ನಾವು ಅದೇ ಪರಿಮಳಕ್ಕೆ ಸೋತೆವು. ನನಗೆ ಈಗಲೂ ಆ ಪುಸ್ತಕ ಅಂದ್ರೆ ಪ್ರಾಣ. ತಪ್ಪು ಅದರದ್ದಲ್ಲ. ಆದರೆ ಮಲ್ಲಿಗೆ ಅಂದರೆ ದಾಂಪತ್ಯ ಅಂತ ನಾವೆಲ್ಲ ಎಷ್ಟು ಗಟ್ಟಿಯಾಗಿ ನಂಬಿದ್ದೀವಿ ಅಂದ್ರೆ, ದಾಂಪತ್ಯ ಮುಗಿದವಳಿಗೂ ಮೂಗು ಇರುತ್ತೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ಹಾಗಾಗಿ ಜಾದೋರ್ ಬಗ್ಗೆ ನನ್ನ ತೀರ್ಪು ಸ್ವಲ್ಪ ಬದಲಾಗಿದೆ. ವ್ಯಕ್ತಿತ್ವದ ಮಾತು ಶುದ್ಧ ಬೊಗಳೆ. ಚಿಕ್ಕವ್ವ ವರ್ಸೈ ಅರಮನೆಯಲ್ಲಿ ನಡೆಯುವವಳಲ್ಲ, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಸೆಂಟು ಹಾಕಿದ ಮೇಲೂ ಅವಳು ಅವಳೇ. ಆದರೆ ಯಾವ ಸ್ಥಾನವನ್ನೂ ಕೇಳದೆ ಮೈಗೆ ಹತ್ತೋದು ಈ ಬಾಟಲಿಯ ನಿಜವಾದ ಗುಣ. ಆ ಪನ್ನೀರಿಗೂ ಅದೇ ಗುಣ ಇತ್ತು. ಜಾಹೀರಾತಿನವರು ಹೇಳದೆ ಬಿಟ್ಟಿರೋದೂ ಇದನ್ನೇ.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಬಿಡೋಕೂ ಮನಸ್ಸು ಒಪ್ಪಲ್ಲ. ಅವಳಿಗೆ ಪರಿಮಳ ದಕ್ಕಿದ್ದು ಅದು ಯಾರ ಕಣ್ಣಿಗೂ ಕಾಣದೆ ಇದ್ದದ್ದಕ್ಕೆ. ಹೂವಿನ ತಟ್ಟೆ ಸರಿಯೋದು ಇನ್ನೂ ನಿಂತಿಲ್ಲ.

ಇನ್ನೊಂದು ಮಾತು. ಸಾಯಂಕಾಲ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕವ್ವನ ಹೆಗಲಿಗೆ ಒರಗಿ ಕೂತಾಗ ಜಾದೋರ್ ಇನ್ನೂ ಇತ್ತು. ಅದರ ಜೊತೆ ಕೊಬ್ಬರಿ ಎಣ್ಣೆ, ಎಲೆ-ಅಡಿಕೆ, ಬೆವರು, ಒಲೆಯ ಹೊಗೆ ಎಲ್ಲ ಸೇರಿತ್ತು. ನನ್ನ ಕೈ ಮೇಲೆ ಇಸ್ತ್ರಿ ಮಾಡಿದ ಹಾಗಿದ್ದ ಮಲ್ಲಿಗೆ ಅವಳ ಮೈಮೇಲೆ ಮೊದಲ ಸಲ ಬಾಡಿದ ಹೂವಿನ ಹಾಗೆ ಘಮಗುಡ್ತಿತ್ತು.

ಬಾಟಲಿ ಈಗ ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿದೆ. ಹೋದ ವಾರ ಫೋನ್ ಮಾಡಿದ್ದಳು. ಡೇರಿಯಲ್ಲಿ ಹಾಲು ಅಳೆಯೋ ಹುಡುಗ “ಏನತ್ತೆ, ಹೊಸ ಸೋಪಾ?” ಅಂದನಂತೆ. “ಊ ಕಣಪ್ಪ, ಸೋಪು” ಅಂದಳಂತೆ. ಹೇಳಿ ತುಂಬಾ ಹೊತ್ತು ನಕ್ಕಳು.

ಮುಂದಿನ ಸಲ ಶ್ರೀರಂಗಪಟ್ಟಣದಲ್ಲಿ ಇಳಿದಾಗ ಆರು ಮಾರು ತಗೋತೀನಿ. ಮುಡಿಯೋದು ಬಿಡೋದು ಅವಳಿಷ್ಟ.