ಲೆಕ್ಕ ಗೊತ್ತಿರುವ ಪುಸ್ತಕಗಳು

ವರ್ಷಕ್ಕೆ ಒಬ್ಬರಾದರೂ ಆಫೀಸಿನಲ್ಲಿ ನನ್ನ ಟೇಬಲ್ ಹತ್ತಿರ ಬಂದು ಒಂದು ಪ್ರಶ್ನೆ ಕೇಳ್ತಾರೆ. "ಹಳ್ಳಿ ಬಗ್ಗೆ ಚೆನ್ನಾಗಿರೋ ಕನ್ನಡ ಕಾದಂಬರಿ ಯಾವುದಾದ್ರೂ ಹೇಳು ಮಾರಾಯ, ಓದಿ ಸ್ವಲ್ಪ ರಿಲ್ಯಾಕ್ಸ್ ಆಗ್ಬೇಕು." ನಾನು ಹಳ್ಳಿಯಿಂದ ಬಂದವನು, ಪುಸ್ತಕ ಓದುವವನು ಅನ್ನೋದು ಟೀಮಿಗೆಲ್ಲ ಗೊತ್ತು. ಕೇಳುವವರ ಮನಸ್ಸಿನಲ್ಲಿ ಒಂದು ಹೋಮ್‌ಸ್ಟೇ ಇರುತ್ತೆ. ಹೆಂಚಿನ ಮನೆ, ಜಗಲಿ, ಮಳೆ, ಬಾಳೆಲೆ ಊಟ. ಬಿಲ್ಲಿನ ಮಾತು ಹೊರಡುವ ದಿನ ಬೆಳಿಗ್ಗೆ ಮಾತ್ರ. ಅಂಥ ಪುಸ್ತಕಗಳೂ ಬೇಕಾದಷ್ಟಿವೆ, ಹೇಳಬಹುದು. ಆದರೆ ಪುಸ್ತಕ ಅಳೆಯೋಕೆ ನನ್ನ ಹತ್ತಿರ ಒಂದು ಸೇರು ಇದೆ, ಅದರಲ್ಲಿ ಅವು ತುಂಬೋದಿಲ್ಲ. ಕಾದಂಬರಿಯಾಗಲಿ, ಕವನ ಸಂಕಲನವಾಗಲಿ, ಅದಕ್ಕೆ ಮನೆಯ ಲೆಕ್ಕ ಗೊತ್ತಿದೆಯಾ ಅಂತ ನೋಡ್ತೀನಿ. ಅಕ್ಕಿ ಎಲ್ಲಿಂದ ಬಂತು, ಯಾರು ಬೇಯಿಸಿದರು, ಯಾರು ಮೊದಲು ಉಂಡರು, ಸಾಲ ಯಾರ ಹೆಸರಲ್ಲಿದೆ.

ಈ ಸೇರು ಸಿಕ್ಕಿದ್ದು ಊರಿನಿಂದಲೇ. ನಮ್ಮದು ತಿಪಟೂರಿನ ಕಡೆ, ತೆಂಗಿನ ಸೀಮೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಉಂಡೆ ಕೊಬ್ಬರಿಯಾಗೋಕೆ ಹೆಚ್ಚೂಕಮ್ಮಿ ಒಂದು ವರ್ಷ ಬೇಕು. ಆ ಕೊಬ್ಬರಿಯ ದುಡ್ಡು ಮಾತ್ರ ಕಾಯಿ ಇನ್ನೂ ಅಟ್ಟದ ಮೇಲಿರುವಾಗಲೇ ಖರ್ಚಾಗಿರುತ್ತೆ. ಸೊಸೈಟಿ ಸಾಲ, ಬೋರ್‌ವೆಲ್ಲಿನವನ ಬಾಕಿ, ನನ್ನ ಕಾಲೇಜಿನ ಫೀಸು. ನನ್ನ ಬಿಇ ಮುಗಿದದ್ದು ಹೀಗೆ ಮುಂಚಿತವಾಗಿ ತಿಂದ ನಾಲ್ಕು ವರ್ಷದ ಕೊಬ್ಬರಿಯಿಂದ. ಗೋಡೆಯ ಕ್ಯಾಲೆಂಡರಿನಲ್ಲಿ ಅವ್ವ ಹಾಲಿನ ಲೆಕ್ಕ, ಆಳಿನ ಲೆಕ್ಕ, ಕೈಸಾಲದ ಲೆಕ್ಕ ಎಲ್ಲ ಗೀಟು ಹಾಕಿ ಇಟ್ಟಿರ್ತಿದ್ದಳು. ಇಂಥ ಮನೆಯಿಂದ ಬಂದವನಿಗೆ, ಕಾದಂಬರಿಯಲ್ಲಿ ಜನ ಸುಮ್ಮನೆ ಉಂಡು, ಎಲೆಅಡಿಕೆ ಹಾಕಿಕೊಂಡು, ಪ್ರೀತಿಯ ಮಾತಾಡಿ ಮಲಗಿಬಿಟ್ಟರೆ ಅನುಮಾನ ಬರುತ್ತೆ.

ಹಾಗಾಗಿ ನಾನು ಮೊದಲು ಹೇಳೋ ಹೆಸರು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970). ರಿಲ್ಯಾಕ್ಸ್ ಆಗೋಕೆ ಅಂತ ಕೇಳಿದವರು ಇದನ್ನು ಓದಿ ನನ್ನನ್ನು ಬೈದದ್ದುಂಟು. ಊರುಗಳು ನಮ್ಮ ಸೀಮೆಯವೇ, ಕಾಲ ಸ್ವಾತಂತ್ರ್ಯಕ್ಕೆ ಮುಂಚಿನದು. ಗಂಡ ಚೆನ್ನಿಗರಾಯ ಶಾನುಭೋಗ, ಲೆಕ್ಕದ ಪುಸ್ತಕ ಬರೆಯೋಳು ಹೆಂಡತಿ ನಂಜಮ್ಮ. ಊರಿನ ಕಂದಾಯವೆಲ್ಲ ಅವಳ ಕೈಬರಹದಲ್ಲಿ ಚೊಕ್ಕವಾಗಿ ಕೂರುತ್ತೆ, ಅವಳದೇ ಮನೆಯ ಹಿಟ್ಟಿನ ಮಡಕೆ ಖಾಲಿ. ಜಮೀನು ಸಾಲಕ್ಕೆ ಸಿಕ್ಕಿ ಕೈತಪ್ಪುತ್ತೆ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡ್ತಾಳೆ. ಪ್ಲೇಗು ಬಂದು ಮಕ್ಕಳನ್ನು ಒಯ್ಯುವ ಪುಟಗಳನ್ನು ಎಲ್ಲರೂ ನೆನೆಸಿಕೊಂಡು ಕಣ್ಣು ಒರೆಸಿಕೊಳ್ತಾರೆ. ನಾನು ಪುಸ್ತಕ ಮುಚ್ಚಿಟ್ಟು ರೂಮಿನಲ್ಲಿ ಓಡಾಡಿದ್ದು ಅದಕ್ಕೂ ಎಷ್ಟೋ ಮುಂಚೆ. ಅವಳು ಬೆನ್ನು ಬಗ್ಗಿಸಿ ಬರೆದ ಲೆಕ್ಕಕ್ಕೆ ಬಂದ ದುಡ್ಡನ್ನು ಗಂಡ ಹೋಟೆಲಿನಲ್ಲಿ ತಿಂದು ಮುಗಿಸುವ ಜಾಗದಲ್ಲಿ. ಅವನು ಕೆಟ್ಟವನು ಅಂತಲೂ ಅಲ್ಲ, ಅವನಿಗೆ ಹಸಿವು. ತನ್ನ ಹಸಿವಿನಾಚೆಗೆ ಇನ್ನೊಬ್ಬರಿಗೆ ಹಸಿವಾಗುತ್ತೆ ಅನ್ನೋದು ಹೊಳೆಯೋದೇ ಇಲ್ಲ.

ಒಂದು ತಕರಾರು ಇದೆ. ಅತ್ತೆ ಗಂಗಮ್ಮ ಬಾಯಿ ತೆರೆದರೆ ಏನು ಬರುತ್ತೆ ಅನ್ನೋದನ್ನು ನೂರು ಪುಟ ಆಗುವಷ್ಟರಲ್ಲಿ ಓದುಗನೇ ಹೇಳಬಲ್ಲ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು ಆಸ್ತಿ ಕಾದುಕೊಂಡವಳು ಅವಳು. ಆ ಬಾಯಿ ಅವಳಿಗೆ ಯಾಕೆ ಬೇಕಾಯ್ತು ಅಂತ ಕಾದಂಬರಿ ಒಂದು ಸಾರಿ ನಿಂತು ಕೇಳಿದ್ದರೆ ಚೆನ್ನಾಗಿತ್ತು. ನಂಜಮ್ಮನ ಲೆಕ್ಕವನ್ನು ಕಾಸು ಕಾಸಿಗೂ ಇಟ್ಟ ಲೇಖಕರು ಗಂಗಮ್ಮನ ಪುಟದಲ್ಲಿ ಬರೀ ಖರ್ಚು ಬರೆದಿದ್ದಾರೆ.

ಇನ್ನು ಕೆಲವರು ಬರ್ತಾರೆ, ಅವರದ್ದು ಬೇರೆ ರೋಗ. ಕೆಲಸ ಬಿಟ್ಟು ಹಳ್ಳಿಗೆ ಹೋಗಿ ಸಾವಯವ ಕೃಷಿ ಮಾಡ್ತೀನಿ ಅನ್ನೋರು. ಅಪ್ರೈಸಲ್ ಆದ ವಾರ ಇವರ ಸಂಖ್ಯೆ ಜಾಸ್ತಿ. ಇವರಿಗೆಲ್ಲ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಬಹಳ ಇಷ್ಟ. ಕೆಲವರು ಹೆಸರಿಗೇ ಮರುಳಾಗಿರ್ತಾರೆ. ಮದರಾಸಿನಲ್ಲಿ ಬಿಎ ಓದಿ, ಕೆಲಸಕ್ಕಾಗಿ ಮುಂಬಯಿವರೆಗೂ ಅಲೆದು, ಕೊನೆಗೆ ಕೋಡಿಗೆ ವಾಪಸ್ ಬರುವ ರಾಮನಲ್ಲಿ ಅವರು ತಮ್ಮನ್ನು ನೋಡಿಕೊಳ್ತಾರೆ.

ಆದರೆ ಆ ಕಾದಂಬರಿಯಲ್ಲಿ ರಾಮ ಹುಟ್ಟುವ ಹೊತ್ತಿಗೆ ಎಷ್ಟು ಪುಟ ಕಳೆದಿರುತ್ತೆ ನೋಡಿದೀರಾ? ಅಲ್ಲಿಯವರೆಗೆ ಮನೆ ನಡೆಸಿದ್ದು ರಾಮ ಐತಾಳರ ತಂಗಿ ಸರಸೋತಿ, ಮೊದಲ ಹೆಂಡತಿ ಪಾರೋತಿ. ಅತ್ತ ಸಮುದ್ರ ಇತ್ತ ಹೊಳೆ, ನಡುವೆ ಗದ್ದೆ, ಆ ಗದ್ದೆಯಲ್ಲಿ ಬಗ್ಗಿ ಎದ್ದವರು ಅವರು. ಐತಾಳರು ಪೌರೋಹಿತ್ಯ ಮುಗಿಸಿ ದಕ್ಷಿಣೆ ಹಿಡಿದು ಬರ್ತಾರೆ. ಮಗ ಲಚ್ಚನಿಗೆ ಇಂಗ್ಲಿಷ್ ಓದಿಸ್ತಾರೆ, ಅವನು ಕೆಟ್ಟು ಆಸ್ತಿ ಕಳೀತಾನೆ. ಅದರ ಭಾರವೆಲ್ಲ ಬೀಳೋದು ಅವನ ಹೆಂಡತಿ ನಾಗವೇಣಿ ಮೇಲೆ. ರಾಮ ಮಣ್ಣಿಗೆ ಮರಳಿ ಬರ್ತಾನೆ ಸರಿ. ಈ ಹೆಂಗಸರು ಮಣ್ಣು ಬಿಟ್ಟು ಹೋಗಿದ್ದು ಯಾವಾಗ? ಮರಳುವ ಮಾತು ಬರೋದು ಹೋಗೋಕೆ ಬಸ್ಸಿನ ಕಾಸಿದ್ದವನಿಗೆ. ಕಾರಂತರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಸರಸೋತಿಯ ಮೌನಕ್ಕೆ ಇರುವ ತೂಕ ರಾಮನ ಯೋಚನೆಗಳಿಗೆ ಇಲ್ಲ, ಅವನು ತನ್ನ ಬದುಕಿನ ಬಗ್ಗೆ ಚಿಂತಿಸುತ್ತಾ ಕೂರುವ ಪುಟಗಳು ನನಗಂತೂ ಉದ್ದವಾದವು. ರಾಜೀನಾಮೆ ಬರೆಯೋಕೆ ಕೂತವರು ಮೊದಲ ಅರ್ಧವನ್ನು ಎರಡು ಸಾರಿ ಓದಲಿ ಅಂತೀನಿ. ಹೋಗಬೇಡಿ ಅಂತಲ್ಲ. ನೀವು ಹೋಗುವ ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚೋರು ಯಾರು ಅಂತ ತಿಳಿದುಕೊಂಡು ಹೋಗಿ.

ತಮಾಷೆ ಏನಂದ್ರೆ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಕಥೆ ಹೇಳುವ ಕೃಷಿಕನಿಗೇ ತೋಟ ಸಾಕಾಗಿ ಹೋಗಿರುತ್ತೆ. ಹಾರುವ ಓತಿ ನೆನಪಿಟ್ಟುಕೊಂಡವರೆಲ್ಲ ಅದನ್ನು ಮರೆತಿದ್ದಾರೆ.

ಈ ಹಳ್ಳಿಯ ಪುಸ್ತಕಗಳಿಗಿಂತ ನನಗೆ ಹೆಚ್ಚು ಉರಿ ಹಚ್ಚಿದ್ದು ಶುದ್ಧ ಬೆಂಗಳೂರಿನದೊಂದು ಸಣ್ಣ ಪುಸ್ತಕ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ನಿಮ್ಮಲ್ಲಿ ಬಹಳ ಜನ ಇದನ್ನು ಶ್ರೀನಾಥ್ ಪೆರೂರ್ ಅವರ ಇಂಗ್ಲಿಷಿನಲ್ಲಿ ಓದಿರ್ತೀರಿ. ಪರವಾಗಿಲ್ಲ, ಕನ್ನಡದಲ್ಲಿ ಇನ್ನೊಂದು ಸಾರಿ ಓದಿ, ಎರಡು ಗಂಟೆ ಸಾಕು. ಇರುವೆಗಳಿರುವ ಸಣ್ಣ ಮನೆ, ಸೇಲ್ಸ್‌ಮನ್ ಅಪ್ಪ, ಎಣಿಸಿ ಖರ್ಚು ಮಾಡುವ ಸಂಸಾರ. ಆಮೇಲೆ ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿ ಕೈಹಿಡಿದು ದುಡ್ಡು ಬರುತ್ತೆ. ದುಡ್ಡು ತರುವವನು ಚಿಕ್ಕಪ್ಪ, ಹಾಗಾಗಿ ಅವನು ಎದ್ದರೆ ಕಾಫಿ, ಕೂತರೆ ತಿಂಡಿ. ಅವನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ ಮನೆಯ ಹೆಂಗಸರೇ ಮುಂದೆ ನಿಂತು ಅವಳನ್ನು ಓಡಿಸ್ತಾರೆ. ಯಾರೂ ಯಾರಿಗೂ ಹೀಗೆ ಮಾಡು ಅಂತ ಹೇಳಿರೋಲ್ಲ.

ಆ ಬಾಗಿಲ ದೃಶ್ಯದ ಬಗ್ಗೆ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ನನಗೆ ಅಂಟಿಕೊಂಡಿದ್ದು ಕಾಫಿ. ನಾನು ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ ಅವ್ವ ಬಿಸಿ ರೊಟ್ಟಿ ಮೊದಲು ಹಾಕೋದು ನನ್ನ ತಟ್ಟೆಗೆ. ಅಣ್ಣ ಬೆಳಗಿನಿಂದ ತೋಟದಲ್ಲಿ ದುಡಿದು ಬಂದಿರ್ತಾನೆ, ನಾನು ಬಸ್ಸಿನಲ್ಲಿ ನಿದ್ದೆ ಹೊಡೆದು ಬಂದಿರ್ತೀನಿ. "ಅವನಿಗೆ ಹಾಕವ್ವ" ಅಂದ್ರೆ, "ನೀನು ಉಣ್ಣು, ಅವನಿಲ್ಲೇ ಇರ್ತಾನೆ" ಅಂತಾಳೆ. ಹೋದ ವರ್ಷ ಮೂರನೇ ಬೋರ್‌ವೆಲ್ ಕೊರೆಸೋದೋ ಬೇಡವೋ ಅಂತ ಮಾತಾದಾಗ ಅಣ್ಣ ನೆಲ ನೋಡಿಕೊಂಡು ಕೇಳಿದ, "ನೀನೇನಂತೀಯಪ್ಪ?" ಹನ್ನೆರಡು ವರ್ಷ ನನಗಿಂತ ದೊಡ್ಡವನು, ಆ ನೆಲದ ಒಂದೊಂದು ಅಡಿ ಗೊತ್ತಿರೋನು. ಇಎಂಐ ಕಟ್ಟಿ ಉಳಿದ ದುಡ್ಡಿಗೆ ಇಷ್ಟು ಮರ್ಯಾದೆ! ಶಾನಭಾಗರ ಪುಸ್ತಕ ಬಿಸಿನೆಸ್ ಮಾಡಿ ಕೆಟ್ಟ ಒಂದು ಮನೆಯ ಕಥೆ ಅಂದುಕೊಂಡು ಪಕ್ಕಕ್ಕಿಡೋದು ಸುಲಭ. ನಮ್ಮಲ್ಲಿ ಎಷ್ಟೋ ಜನ ನಮ್ಮ ನಮ್ಮ ಊರಿನ ಮನೆಗಳಿಗೆ ಆ ಚಿಕ್ಕಪ್ಪನೇ. ಕಾಫಿ ಯಾಕೆ ಬಿಸಿಯಾಗಿದೆ ಅಂತ ಕೇಳುವ ಅಭ್ಯಾಸ ನಮಗೆ ತಪ್ಪಿಹೋಗಿದೆ, ಅಷ್ಟೆ.

ಕವಿತೆಗೂ ಇದೇ ಸೇರು ಹಿಡಿಯೋದು ಅನ್ಯಾಯ ಅಂತ ಗೆಳೆಯನೊಬ್ಬ ಜಗಳ ಆಡ್ತಾನೆ. ಅವನು ಕೆ.ಎಸ್. ನರಸಿಂಹಸ್ವಾಮಿಯವರ ಭಕ್ತ. ‘ಮೈಸೂರು ಮಲ್ಲಿಗೆ’ (1942) ಅವನ ಫೋನಿನಲ್ಲಿ ಹಾಡಾಗಿ ಇದೆ, ಪುಸ್ತಕವಾಗಿ ಇಲ್ಲ. ಅದು ಬೇರೆ ವಿಷಯ. ನಿಜ, ಆ ಸಂಕಲನದ ಮಾವನ ಮನೆಯಲ್ಲಿ ಸಾಲದವರು ಬಂದು ಬಾಗಿಲು ತಟ್ಟೋದಿಲ್ಲ. ಹೊಸದಾಗಿ ಮದುವೆಯಾದವರಿಗೆ ಸ್ವಲ್ಪ ದಿನ ಹಾಗಿರಲಿ ಬಿಡಿ, ನಾನೇನೂ ಬೇಡ ಅನ್ನೋಲ್ಲ. ಆದರೆ ಅದೇ ಕವಿ ಅಕ್ಕಿ ಆರಿಸುವ ಹೆಣ್ಣಿನ ಬಗ್ಗೆ ಬರೆದ ಪದ್ಯ ಇದೆಯಲ್ಲ, ಅದನ್ನು ನೋಡಿ. ನುಚ್ಚಿನ ಜೊತೆ ಆಡುವ ಆ ಬೆರಳುಗಳಲ್ಲಿ ಚಿನ್ನ ಇಲ್ಲ ಅನ್ನೋದನ್ನು ಕವಿ ನೋಡಿಬಿಡ್ತಾರೆ. ನೋಡಿ, ದನಿ ಎತ್ತದೆ ಮುಂದೆ ಹೋಗ್ತಾರೆ. ಭೈರಪ್ಪನವರಿಗೆ ಅಧ್ಯಾಯಗಳೇ ಬೇಕಾದ ಕೆಲಸ ಅಷ್ಟರಲ್ಲಿ ಆಗಿಹೋಗಿರುತ್ತೆ. ಗುಮಾಸ್ತೆ ಕೆಲಸ ಮಾಡಿ ಸಂಸಾರ ತೂಗಿಸಿದ ಕವಿ ಅವರು, ಸುಮ್ಮನೆ ಬಂದ ಕಣ್ಣಲ್ಲ ಅದು. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಆ ಹಾಡನ್ನೂ ಫೋನಿಗೆ ಹಾಕಿಕೊಂಡ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಮೀನಿದ್ದವರ, ಇದ್ದು ಕಳೆದುಕೊಂಡವರ, ಇಲ್ಲಾ ದುಡ್ಡು ಕಂಡವರ ಮನೆಯ ಲೆಕ್ಕ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಕೈಗೆ ಬಂದಾಗ ಈ ಪುಸ್ತಕದ ಇನ್ನೊಂದು ಮಗ್ಗುಲು ತೆರೆಯಿತು. ಮೆರವಣಿಗೆಯಲ್ಲಿ ಹಾಡೋಕೆ ಹುಟ್ಟಿದಂಥ ಪದ್ಯಗಳು. ಸಭ್ಯವಾಗಿ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲಿ ಓದಿದರೆ ಕೆಲವು ತೆಳು ಅನ್ನಿಸುತ್ತವೆ, ಒಪ್ತೀನಿ. ಬಾಯಿಬಿಟ್ಟು ಓದಿ ನೋಡಿ. ಆಮೇಲೆ ಅವರ ಆತ್ಮಕಥೆ ‘ಊರುಕೇರಿ’ ಎತ್ತಿಕೊಳ್ಳಿ. ಅದರ ಶುರುವಿನಲ್ಲೇ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೀತಿರ್ತಾರೆ, ಹುಡುಗ ನಿಂತು ನೋಡ್ತಾನೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಇದನ್ನು ಹೇಳುವ ದನಿಯಲ್ಲಿ ಕೂಗಾಟವಿಲ್ಲ. ಪುಸ್ತಕದ ಉದ್ದಕ್ಕೂ ನಗಿಸ್ತಾರೆ ಕೂಡ, ಅದೇ ಕಷ್ಟ. ನಕ್ಕ ಮೇಲೆ ಯಾಕೆ ನಕ್ಕೆ ಅನ್ನಿಸುತ್ತೆ.

ಅವ್ವನ ಕ್ಯಾಲೆಂಡರಿನಲ್ಲಿ ಆಳುಗಳ ಹೆಸರಿನ ಮುಂದೆ ಬಂದ ದಿನಕ್ಕೊಂದು ಗೀಟು ಇರ್ತಿತ್ತು ಅಂದೆನಲ್ಲ. ಎಲ್ಲರೂ ಕೇರಿಯವರು. ಕಾಯಿ ಸುಲಿಯೋಕೆ, ಕಳೆ ತೆಗೆಯೋಕೆ ಬರ್ತಿದ್ದರು, ನೀರನ್ನು ಕೈ ಒಡ್ಡಿ ಕುಡೀತಿದ್ದರು. ನನ್ನ ಫೀಸಾದ ಆ ನಾಲ್ಕು ವರ್ಷದ ಕೊಬ್ಬರಿಯಲ್ಲಿ ಅವರ ಕೈಯ ಕೆಲಸ ಎಷ್ಟು ಅನ್ನೋದಕ್ಕೆ ನಮ್ಮನೆ ಗೋಡೆಯ ಮೇಲೆ ಬರೀ ಗೀಟುಗಳಿದ್ದವು. ಅವರ ಮನೆಗಳಲ್ಲಿ ನಮ್ಮ ಲೆಕ್ಕವನ್ನು ಯಾರು, ಹೇಗೆ ನೆನಪಿಟ್ಟುಕೊಂಡಿದ್ದರೋ. ‘ಊರುಕೇರಿ’ ಓದುವಾಗ ಅದರ ಕೆಲವು ಸಾಲು ಕಣ್ಣಿಗೆ ಬಿದ್ದ ಹಾಗಾಯ್ತು. ನಂಜಮ್ಮನಿಗೆ ಅಳೋದು ನನಗೆ ಸಲೀಸು, ನಮ್ಮವ್ವನ ಹಾಗೇ ಇದ್ದಾಳೆ. ಈ ಪುಸ್ತಕದಲ್ಲಿ ನಾನಿರುವ ಜಾಗ ಬೇರೆ, ಅಲ್ಲಿ ಕೂತು ಅಳೋಕೆ ಬರೋಲ್ಲ.

ಸದ್ಯಕ್ಕೆ ಕೈಯಲ್ಲಿರೋದು ದೇವನೂರ ಮಹಾದೇವರ ‘ಕುಸುಮಬಾಲೆ’. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1990ರಲ್ಲಿ, ನನಗೆ ಧೈರ್ಯ ಬಂದದ್ದು ಈಗ. ನೂರು ಪುಟದ ಆಸುಪಾಸಿನ ಪುಸ್ತಕಕ್ಕೆ ಒಂದು ತಿಂಗಳಾಯ್ತು. ನಂಜನಗೂಡು ಕಡೆಯ ಮಾತು. ತಿಪಟೂರಿನವನಿಗೂ ಒಂದೊಂದು ಸಾಲು ಎರಡು ಸಾರಿ ಬೇಕು. ಮಂಚ ಮಾತಾಡುತ್ತೆ, ದೀಪದ ಜೋತಮ್ಮಂದಿರು ರಾತ್ರಿ ಸೇರಿ ಸುಖದುಃಖ ಹೇಳಿಕೊಳ್ತಾರೆ. ಮೊದಲ ದಿನ ಮೆಟ್ರೋದಲ್ಲಿ ಕೂತು ಮನಸ್ಸಿನಲ್ಲೇ ಓದಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಎರಡನೇ ದಿನ ತುಟಿ ಅಲ್ಲಾಡಿಸಿದೆ, ಪಕ್ಕದವರು ಮಂತ್ರ ಅಂದುಕೊಂಡು ಸ್ವಲ್ಪ ಸರಿದು ಕೂತರು. ಈಗ ರಾತ್ರಿ ಊಟ ಆದ ಮೇಲೆ ಬಾಲ್ಕನಿಯಲ್ಲಿ ಜೋರಾಗಿಯೇ ಓದ್ತೀನಿ. ಈ ಮಾತನ್ನು ಹೀಗೇ ಆಡುವವರ ಮನೆಯ ಲೆಕ್ಕ ಪುಸ್ತಕದ ಕನ್ನಡದಲ್ಲಿ ಬರೆದರೆ ತಪ್ಪಾಗುತ್ತಿತ್ತು ಅನ್ನೋದು ಕಿವಿಗೆ ಬಿದ್ದ ಮೇಲೇ ಗೊತ್ತಾಗೋದು. ಇನ್ನೂ ಮೂವತ್ತು ಪುಟ ಬಾಕಿ ಇದೆ. ಹೆಂಡತಿ ಒಳಗಿನಿಂದ, "ಆ ಮಂಚ ಆಮೇಲೆ ಏನಂತು?" ಅಂತ ಕೇಳಿದಳು.