ತನಿ ಶುರುವಾದಾಗ ಎದ್ದುಹೋಗುವವರು

ಕರ್ನಾಟಕ ಸಂಗೀತ ಕಛೇರಿಗಳ ವಿಮರ್ಶೆಯ ಕೊನೆಗೆ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಪಕ್ಕವಾದ್ಯಗಳ ಸಹಕಾರ ಹಿತವಾಗಿತ್ತು. ಸಂಶೋಧನೆಗೆಂದು ಹಳೆಯ ವಿಮರ್ಶೆಗಳನ್ನು ಓದಿ ಓದಿ ಈ ಸಾಲಿನ ಮೇಲೆ ನನಗೆ ಸಿಟ್ಟೇ ಬಂದಿದೆ. ಮೃದಂಗ, ಘಟದವರು ಹತ್ತು ಹದಿನೈದು ನಿಮಿಷ ನುಡಿಸಿದ ತನಿ ಆವರ್ತನ ಎಲ್ಲಿ ಹೋಯಿತು?

ಬಹುಶಃ ಬರೆದವರು ಕಾಫಿಗೆ ಹೋಗಿದ್ದರು. ನಾನೂ ಹೋಗುತ್ತಿದ್ದೆ. ಬೆಂಗಳೂರಿನಲ್ಲಿ 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ, ಹೋಗತೊಡಗಿದ ಮೊದಲ ವರ್ಷ ತನಿಯೆಂದರೆ ನನಗೆ ಬಿಡುವಿನ ವೇಳೆ. ಒಂದು ಸಂಜೆ ಎದ್ದುಹೋಗಲು ದಾರಿಯಿಲ್ಲದೆ ಕೂತೆ. ಪಕ್ಕದ ಅಜ್ಜ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದರು. ಒಂದು ಪೆಟ್ಟು, ಮೂರು ಬೆರಳೆಣಿಕೆ; ಪೆಟ್ಟು, ಬೀಸು; ಮತ್ತೆ ಪೆಟ್ಟು, ಬೀಸು. ಅವರ ಕೈ ನೋಡಿಕೊಂಡೇ ನಾನೂ ಎಂಟೆಣಿಸಿದೆ. ಮೃದಂಗ, ಘಟಗಳ ಸರದಿ ಚಿಕ್ಕದಾಗುತ್ತ ಬಂದು, ಇಬ್ಬರೂ ಕೂಡಿ, ಕೋರ್ವೆ ಮೂರನೆಯ ಸಲ ಮುಗಿದು ಗಾಯಕಿ ಪಲ್ಲವಿ ಎತ್ತಿಕೊಂಡಾಗ ಅಜ್ಜ ನನ್ನ ಕಡೆ ತಿರುಗಿ ನಕ್ಕರು. ಲೆಕ್ಕ ನನಗೂ ಸರಿಹೋಗಿತ್ತು.

ರಾಗಾಲಾಪನೆ ಹೆಡ್‌ಫೋನಿನಲ್ಲೂ ಬಹುಪಾಲು ದಕ್ಕುತ್ತದೆ (ನನ್ನ ಗೆಳತಿಯರು ಒಪ್ಪುವುದಿಲ್ಲ). ಎಣಿಕೆ ಕಲಿಯದ ನನ್ನಂಥವರಿಗೆ ತನಿ ದಕ್ಕುವುದಿಲ್ಲ; ಅಲ್ಲಿ ಪಕ್ಕದವರ ಕೈ ಕಾಣುವುದಿಲ್ಲ. ಧ್ವನಿಮುದ್ರಿಕೆಯಲ್ಲಿ ಆ ಭಾಗ ಬಂದರೆ ಈಗಲೂ ಮುಂದಕ್ಕೆ ಓಡಿಸುತ್ತೇನೆ. ಹಾಗಾಗಿ ಕಛೇರಿಯ ವಿಮರ್ಶೆಯಲ್ಲಿ ಗಾಯಕಿಯ ಕಲ್ಯಾಣಿಯಷ್ಟೇ ಕೇಳುಗರ ಕೈಗಳಿಗೂ ಜಾಗ ಸಿಗಬೇಕು: ಯಾರು ತಾಳ ಹಾಕಿದರು, ಎಷ್ಟು ಸಾಲು ಖಾಲಿಯಾದವು, ಖಾಲಿ ಕುರ್ಚಿಗಳ ಮುಂದೆ ಮೃದಂಗದವರು ತನಿಯನ್ನು ಮೊಟಕುಗೊಳಿಸಿದರೇ ಎಂದು. ಹೋದ ವರ್ಷ ನಾನೇ ಹಾಗೆ ಬರೆಯಹೊರಟೆ. ಎದ್ದವರನ್ನು ಎಣಿಸುತ್ತ ತಾಳ ತಪ್ಪಿತು.